ಒಂಟಿ ಗುಂಡಿಗಳ ಅಂಗಡಿ

ರೈಲು ಹೋಗುವ ಊರುಗಳ ಟೈಲರುಗಳೆಲ್ಲ ಅವಳನ್ನು ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರ ಬಾಯಲ್ಲೂ ಅವಳು ಅಕ್ಕನೇ. ಅಂಗಿ ಗುಂಡಿ ತಯಾರಿಸುವ ಕಾರ್ಖಾನೆಯೊಂದರ ಮಾರಾಟದ ಕೆಲಸ ಅವಳದು. ಸೋಮವಾರ ಬೆಳಿಗ್ಗೆ ಎರಡು ಚಪ್ಪಟೆ ಪೆಟ್ಟಿಗೆ ಹಿಡಿದು ರೈಲು ಹತ್ತಿದರೆ ಮನೆ ಕಾಣುವುದು ಗುರುವಾರ ಸಂಜೆಗೆ. ಪೆಟ್ಟಿಗೆಯೊಳಗೆ ದಪ್ಪ ರಟ್ಟುಗಳು, ರಟ್ಟಿನ ಮೇಲೆ ಸಾಲಾಗಿ ಹೊಲಿದ ಗುಂಡಿಗಳು, ಒಂದೊಂದರ ಕೆಳಗೂ ಒಂದೊಂದು ನಂಬರು. ಎರಡು ತೂತಿನವು, ನಾಲ್ಕು ತೂತಿನವು, ಕೋಟಿನವು, ಮಕ್ಕಳ ಫ್ರಾಕಿನವು. ನಂಬರು ಹೇಳಿದರೆ ಗುಂಡಿ ಹೇಳುತ್ತಿದ್ದಳು, ಗುಂಡಿ ತೋರಿಸಿದರೆ ನಂಬರು ಹೇಳುತ್ತಿದ್ದಳು.

ಮೊದಲು ಅವಳು ಅದೇ ಕಾರ್ಖಾನೆಯಲ್ಲಿ ಗುಂಡಿ ಆರಿಸುವ ಕೋಣೆಯಲ್ಲಿದ್ದಳು. ಒಂಬತ್ತು ವರ್ಷ ಉದ್ದನೆಯ ಮೇಜಿನ ಮುಂದೆ ಕೂತು ಸೀಳಿದ್ದು, ಬಣ್ಣ ಕೆಟ್ಟಿದ್ದು, ತೂತು ವಾರೆಯಾದದ್ದನ್ನು ಬೇರೆ ಮಾಡಿದ್ದಳು. ಆಗಿನ ಮಾರಾಟದವನು ಹೇಳದೆ ಕೇಳದೆ ಕೆಲಸ ಬಿಟ್ಟಾಗ ಮ್ಯಾನೇಜರು ಇವಳನ್ನು ಕರೆದು, "ಒಂದಾರು ತಿಂಗಳು ಸುಧಾರಿಸಮ್ಮ, ಅಷ್ಟರಲ್ಲಿ ಯಾರನ್ನಾದ್ರೂ ಹುಡುಕ್ತೀನಿ" ಎಂದಿದ್ದರು. ಆ ಆರು ತಿಂಗಳಿಗೆ ಈಗ ಹನ್ನೊಂದು ವರ್ಷ.

ಹಾಗೆಂದು ಅವಳಿಗೆ ಬೇಸರವಿರಲಿಲ್ಲ. ರೈಲೆಂದರೆ ಅವಳಿಗೆ ಪ್ರಾಣ. ಕಿಟಕಿ ಪಕ್ಕ ಜಾಗ ಸಿಕ್ಕಿ, ಪೆಟ್ಟಿಗೆಗಳನ್ನು ಕಾಲಿನ ಕೆಳಗೆ ತಳ್ಳಿ, ಮೊದಲ ಸೇತುವೆ ದಾಟಿದ ಮೇಲೆ ಅವಳ ಕಣ್ಣು ತಾನಾಗಿ ಅರ್ಧ ಮುಚ್ಚುತ್ತಿತ್ತು. ಆಗ ಅವಳ ಅಂಗಡಿ ತೆರೆಯುತ್ತಿತ್ತು.

ಅಂಗಡಿ ಎಲ್ಲೂ ಇರಲಿಲ್ಲ, ನಿಜ. ಆದರೆ ಅದರ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೊಣಕೈ ಊರಿ ನಿಲ್ಲುವಷ್ಟು ಎತ್ತರದ ಕಟ್ಟೆ. ಎಡಗಡೆ ದೊಡ್ಡ ಕಿಟಕಿ, ಬೆಳಕು ಎಡದಿಂದಲೇ ಬೀಳಬೇಕು. ಗೋಡೆಯ ತುಂಬ ಪುಟ್ಟ ಪುಟ್ಟ ಖಾನೆಗಳು. ಎರಡು ಸ್ಟೇಷನ್ನುಗಳ ನಡುವೆ ಅವಳು ಕಟ್ಟೆಯನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸುತ್ತಿದ್ದಳು. ಸರಿಹೋಗದಿದ್ದರೆ ಮುಂದಿನ ಸ್ಟೇಷನ್ನಿನೊಳಗೆ ಮತ್ತೆ ಮೊದಲಿನ ಜಾಗಕ್ಕೆ. ಟಿಕೆಟ್ ಕೇಳಲು ಬಂದವರು ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಟೈಲರ್ ಅಂಗಡಿಗಳಲ್ಲೇ. ಅವಳು ರಟ್ಟು ಬಿಚ್ಚಿ ಕೂತಾಗಲೆಲ್ಲ ಯಾರಾದರೊಬ್ಬರು ಬಂದು, ಅಂಗೈಯಲ್ಲಿ ಒಂದೇ ಒಂದು ಗುಂಡಿ ಇಟ್ಟುಕೊಂಡು ಕೇಳುತ್ತಿದ್ದರು: "ಇಂಥದ್ದೇ ಇನ್ನೊಂದು ಸಿಗುತ್ತಾ?" ಟೈಲರು ತಲೆಯಾಡಿಸುತ್ತಿದ್ದ. ಕಾರ್ಖಾನೆ ಮಾರುವುದು ಹನ್ನೆರಡು ಡಜನ್ನಿನ ಪೊಟ್ಟಣವನ್ನು. ಬಿಡಿ ಗುಂಡಿಯ ಗೋಜು ಅದಕ್ಕೆ ಬೇಡ. ಒಂದು ಗುಂಡಿ ಹೋದದ್ದಕ್ಕೆ ಒಳ್ಳೆಯ ಅಂಗಿಯೊಂದು ಮೂಲೆ ಸೇರುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅವಳು ಊರೂರಿನ ಟೈಲರುಗಳ ಕಸದ ಡಬ್ಬದಿಂದ ಒಂಟಿ ಗುಂಡಿಗಳನ್ನು ಕೇಳಿ ತರತೊಡಗಿದಳು. ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ತುಂಬಿತು, ಆಮೇಲೆ ಎರಡು, ಆಮೇಲೆ ಅತ್ತೆಯ ಹಪ್ಪಳದ ಹಳೇ ಸ್ಟೀಲ್ ಡಬ್ಬಿಯೂ ಮಾಯವಾಯಿತು.

"ಬೀದಿ ತುಂಬ ಗುಂಡಿ ಇದೆ, ಬಿದ್ದು ಏಳೋದೇ ಆಗಿದೆ. ಅದಕ್ಕೊಂದು ಅಂಗಡಿ ಬೇರೆ ಇಡ್ತಾಳಂತೆ!" ಎನ್ನುತ್ತಿದ್ದರು ಅತ್ತೆ, ಮೊಮ್ಮಗಳ ಜಡೆ ಹೆಣೆಯುತ್ತ. ಹನ್ನೊಂದು ವರ್ಷದ ಮಗಳು ಕಿಲಕಿಲ ನಗುತ್ತಿದ್ದಳು. ವಾರದ ನಾಲ್ಕು ದಿನ ಆ ಮಗುವಿಗೆ ಅಜ್ಜಿಯೇ ಅಮ್ಮ. ಅದು ಅತ್ತೆಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಗಂಡ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ಮಾತಿಗೆ ಜಿಪುಣ. ಅವಳು ಅಂಗಡಿಯ ವಿಷಯ ತೆಗೆದರೆ "ಹ್ಞೂಂ" ಎನ್ನುತ್ತಿದ್ದ. ಬೇಡವೆನ್ನುವ ಹ್ಞೂಂ ಯಾವುದು, ಆಗಲಿ ಎನ್ನುವ ಹ್ಞೂಂ ಯಾವುದು ಎಂದು ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೆ ತಿಳಿಯುತ್ತಿತ್ತು. ಅಂಗಡಿಯ ಹ್ಞೂಂ ಇವೆರಡೂ ಆಗಿರದೆ ಮಧ್ಯದಲ್ಲೆಲ್ಲೋ ತೇಲುತ್ತಿತ್ತು.

ರೈಲಿನ ಒಂದು ಹಾದಿ ಗುಡ್ಡದ ಬುಡದ ಊರಲ್ಲಿ ಮುಗಿಯುತ್ತಿತ್ತು. ಅಲ್ಲೊಬ್ಬ ಮುದುಕ ಟೈಲರು. ಅವಳು ಟೈಲರಜ್ಜ ಎನ್ನುತ್ತಿದ್ದಳು. ಒಂದು ಮಂಗಳವಾರ ಹೋದಾಗ ಅಜ್ಜ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಹಗ್ಗ ಬಿಗಿಯುತ್ತಿದ್ದ.

"ಇವತ್ತು ಆರ್ಡರಿಲ್ಲ ಅಕ್ಕ. ಇನ್ನು ಮೇಲೂ ಇಲ್ಲ" ಎಂದ. ಕೈ ಎತ್ತಿ ತೋರಿಸಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. "ಸೂಜಿಗೆ ದಾರ ಪೋಣಿಸೋಕೇ ಅರ್ಧ ದಿನ ಹೋಗ್ತಿದೆ. ಮೆಷಿನ್ನು ತಮ್ಮನ ಮಗನಿಗೆ. ಅದೋ, ಅದು ನಿನಗೆ."

ಅದೋ ಎಂದದ್ದು ಹಿಂದಿನ ಗೋಡೆಗೆ ಒರಗಿದ್ದ ಬೀರುವನ್ನು. ಅರವತ್ತನಾಲ್ಕು ಖಾನೆ, ಪ್ರತಿ ಖಾನೆಯ ಮುಖಕ್ಕೂ ಒಳಗೇನಿದೆ ಎಂದು ತೋರಿಸಲು ತಂತಿಯಲ್ಲಿ ಕಟ್ಟಿದ ಒಂದು ಗುಂಡಿ. ಮರದ್ದು, ಕೊಂಬಿನದ್ದು, ಹಿತ್ತಾಳೆಯದ್ದು, ಚಿಪ್ಪಿನದ್ದು. ಕಾರ್ಖಾನೆಗಳು ಮರೆತೇಬಿಟ್ಟ ನಮೂನೆಗಳು. ಅವಳು ಎಷ್ಟೋ ಸಲ ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದುಂಟು.

"ನನಗ್ಯಾಕಜ್ಜ?"

"ಇಲ್ಲಿಟ್ರೆ ತಮ್ಮನ ಸೊಸೆ ಖಾನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ತುಂಬ್ತಾಳೆ. ಈಗಾಗ್ಲೇ ಕಣ್ಣು ಹಾಕಿದಾಳೆ. ಬೇಗ ತಗೊಂಡ್ಹೋಗು."

ಆ ವಾರ ಅವಳು ಉಳಿದ ಟೈಲರುಗಳ ಬಳಿ ಹೋಗಲಿಲ್ಲ. ಖಾನೆಗಳನ್ನು ಒಂದೊಂದಾಗಿ ಹೊರತೆಗೆದು, ಗುಂಡಿ ಒಂದಕ್ಕೊಂದು ಬೆರೆಯದಂತೆ ಹಳೇ ಪೇಪರಿನಲ್ಲಿ ಸುತ್ತಿ, ಹಗ್ಗ ಕಟ್ಟಿ, ಬೀರುವಿನ ಜೊತೆ ಪಾರ್ಸಲ್ ಡಬ್ಬಿಗೆ ಹಾಕಿಸಿದಳು. ಅಜ್ಜ ಸ್ಟೇಷನ್ನಿನವರೆಗೂ ಬಂದು, ಸಾಮಾನು ಏರಿಸುವವರಿಗೆ "ನಿಧಾನ, ನಿಧಾನ" ಎನ್ನುತ್ತಲೇ ಇದ್ದ. ರೈಲು ಹೊರಟಾಗ ಅವನು ಕೈಬೀಸಿದ್ದು ಇವಳಿಗೋ ಬೀರುವಿಗೋ ಗೊತ್ತಾಗಲಿಲ್ಲ. ಮಂಜು ಇಳಿಯುತ್ತಿತ್ತು. ಕಿಟಕಿಯಾಚೆ ಗುಡ್ಡ, ಮರ, ಕಂಬ ಎಲ್ಲ ಒಂದೊಂದಾಗಿ ಕರಗಿದವು. ಹಿಂದಿನ ಡಬ್ಬಿಯಲ್ಲಿ ಸಾವಿರಾರು ಗುಂಡಿಗಳು ಗಾಲಿಯ ಲಯಕ್ಕೆ ಸಣ್ಣಗೆ ಗಲಗಲ ಎನ್ನುತ್ತಿರಬಹುದೆಂದು ಅವಳು ದಾರಿಯುದ್ದಕ್ಕೂ ಕಿವಿಗೊಟ್ಟು ಕೂತಳು.

ಮನೆ ತಲುಪಿದ ಮೇಲೆ ಗೊತ್ತಾಯಿತು, ಬೀರು ಬಾಗಿಲಲ್ಲಿ ಹಿಡಿಸುವುದಿಲ್ಲ.

ಉದ್ದಕ್ಕೆ ತಿರುಗಿಸಿದರು, ಅಡ್ಡಕ್ಕೆ ತಿರುಗಿಸಿದರು. ಗಂಡ ಬೆವರು ಒರೆಸಿಕೊಂಡು ಅಳತೆ ಹಿಡಿದು, "ನಾಲ್ಕು ಬೆರಳು ಜಾಸ್ತಿ" ಎಂದ. ಕೊನೆಗೆ ಅದನ್ನು ಕಟ್ಟಡದ ಕೆಳಗೆ, ಮೆಟ್ಟಿಲ ಅಡಿಯ ಖಾಲಿ ಜಾಗದಲ್ಲಿ ನಿಲ್ಲಿಸಿದರು. ಕಟ್ಟಡದ ಒಡತಿ ರಿಟೈರಾದ ಟೀಚರು. ಬೈಯಲೆಂದೇ ಕೆಳಗಿಳಿದು ಬಂದವರು ಖಾನೆಗಳ ಮುಖ ನೋಡುತ್ತ ನಿಂತುಬಿಟ್ಟರು.

"ಇದೇನಮ್ಮ ಇದು, ಕೆಂಪು ಗಾಜಿಂದು? ನನ್ನ ಸ್ವೆಟರಿಗೆ ಹೀಗೇ ಇತ್ತು. ಒಂದು ಕಳೆದುಹೋಗಿ ಎಂಟು ವರ್ಷವಾಯ್ತು."

ಮಾರನೆಯ ದಿನ ಟೀಚರು ಸ್ವೆಟರು ತಂದರು. ಅದರ ಮಾರನೆಯ ದಿನ ಮೇಲಿನ ಮನೆಯವರು ಬಂದರು. ವಾರ ಕಳೆಯುವಷ್ಟರಲ್ಲಿ ಪಕ್ಕದ ಬೀದಿಯ ಇಬ್ಬರು, ಮುಷ್ಟಿಯೊಳಗೆ ಒಂದೊಂದು ಗುಂಡಿ ಹಿಡಿದು, ಮೆಟ್ಟಿಲ ಕೆಳಗೆ ಇಣುಕಿದರು. ಅಂಗಡಿ ತೆರೆಯುವ ದಿನ ಎಂದು ಅವಳು ಕನಸಿನಲ್ಲಿ ಏನೇನೋ ಹೊಂದಿಸಿಟ್ಟಿದ್ದಳು. ಅದು ಯಾವತ್ತು ತೆರೆಯಿತು ಎಂದು ಆಮೇಲೆ ಕೇಳಿದರೆ ಅವಳಿಗೂ ಹೇಳಲಾಗಲಿಲ್ಲ.

ಶನಿವಾರ, ಭಾನುವಾರ ಮೆಟ್ಟಿಲ ಕೆಳಗೆ, ಸೋಮವಾರದಿಂದ ರೈಲು, ಶುಕ್ರವಾರ ಕಾರ್ಖಾನೆಯ ಆಫೀಸು. ಅವಳಿಗೆ ಕೂತಲ್ಲಿ ನಿದ್ದೆ ಬರತೊಡಗಿತು. ಆರ್ಡರು ಬರೆಯುವ ಪುಸ್ತಕದ ಅಂಚಿನಲ್ಲೆಲ್ಲ ಖಾನೆಗಳ ಚಿತ್ರ, ಖಾನೆಗಳ ನಂಬರು. ಹೀಗಿರುವಾಗ ಒಂದು ಎಡವಟ್ಟಾಯಿತು. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಟೈಲರೊಬ್ಬನಿಗೆ ಬಿಳಿ ಗುಂಡಿಯ ಬದಲು ಗುಲಾಬಿ ಗುಂಡಿಯ ಪೊಟ್ಟಣಗಳು ಹೋದವು. ಅವಳು ಅಂಚಿನಲ್ಲಿ ಗೀಚಿದ್ದ ನಂಬರನ್ನೇ ಆಫೀಸಿನವರು ಆರ್ಡರೆಂದು ಓದಿಕೊಂಡಿದ್ದರು. ಶಾಲೆ ಶುರುವಾಗಲು ಎರಡೇ ದಿನ.

ಫೋನಿನಲ್ಲಿ ಟೈಲರು ಕೂಗಾಡಲಿಲ್ಲ. "ಅಕ್ಕ, ಇನ್ನೂರು ಅಂಗಿ ಗುಂಡಿಯಿಲ್ಲದೆ ಕೂತಿವೆ. ನೀವೇ ಹೀಗೆ ಮಾಡಿದ್ರೆ ನಾನು ಯಾರನ್ನ ನಂಬ್ಲಿ?" ಎಂದನಷ್ಟೆ. ಕೂಗಾಡಿದ್ದರೇ ಚೆನ್ನಾಗಿತ್ತು.

ಭಾನುವಾರ ಬೆಳಗಿನ ಮೊದಲ ರೈಲಿಗೆ ಬಿಳಿ ಗುಂಡಿ ಹೊತ್ತುಕೊಂಡು ಹೊರಟಳು. "ನಾನೂ ಬರ್ತೀನಿ" ಎಂದು ಅತ್ತೆ ಚಪ್ಪಲಿ ಮೆಟ್ಟಿದರು. "ನಿಮ್ಗ್ಯಾಕೆ ಅತ್ತೆ ಈ ತೊಂದ್ರೆ?" ಎಂದರೆ, "ಎರಡು ಕೈಗಿಂತ ನಾಲ್ಕು ಕೈ ಜಾಸ್ತಿ ಹೊಲಿಯಲ್ವೇನೆ? ಲೆಕ್ಕ ಬರಲ್ವಾ ನಿನಗೆ?" ಎಂದು ಗದರಿಸಿದರು. ಟೈಲರು, ಟೈಲರ ಹೆಂಡತಿ, ಇವರಿಬ್ಬರು, ನಾಲ್ಕೂ ಜನ ನೆಲದ ಮೇಲೆ ಕೂತು ಸಂಜೆಯವರೆಗೆ ಗುಂಡಿ ಹಚ್ಚಿದರು. ಅತ್ತೆಯ ಕೈ ಎಲ್ಲರಿಗಿಂತ ಚುರುಕು. ವಾಪಸು ಬರುವಾಗ ಕಿಟಕಿ ಪಕ್ಕದ ಜಾಗ ಅತ್ತೆಗೆ ಬಿಟ್ಟುಕೊಟ್ಟಳು. ಹೊರಗೆ ಕೆರೆಯೊಂದು ಸಂಜೆಯ ಬೆಳಕನ್ನೆಲ್ಲ ತುಂಬಿಕೊಂಡು ಹಿಂದೆ ಸರಿಯಿತು. ಅತ್ತೆ ಬಹಳ ಹೊತ್ತು ಅದನ್ನೇ ನೋಡಿ, "ವಾರ ವಾರ ಇದನ್ನೆಲ್ಲ ಒಬ್ಬಳೇ ನೋಡ್ತಿದ್ಯಾ?" ಎಂದರು. ಆ ಮಾತಿನಲ್ಲಿ ಆಕ್ಷೇಪಣೆಯಿತ್ತೋ ಆಸೆಯಿತ್ತೋ, ಅವಳು ಕೆದಕಲು ಹೋಗಲಿಲ್ಲ.

ಸೋಮವಾರ ಮ್ಯಾನೇಜರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ನನ್ನದು, ಮೆಟ್ಟಿಲ ಕೆಳಗೊಂದು ಅಂಗಡಿ ನಡೆಸುತ್ತಿದ್ದೇನೆ, ಇನ್ನು ಮೇಲೆ ಎರಡೇ ದಿನ ಓಡಾಡುತ್ತೇನೆ, ಒಪ್ಪದಿದ್ದರೆ ಪೆಟ್ಟಿಗೆ ಇಲ್ಲೇ ಇಡುತ್ತೇನೆ.

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಿಡಿ ಗುಂಡಿ ಮಾರೋದಾ? ನಾವು ಮಾರೋದೇ ಇಲ್ವಲ್ಲ, ನಮಗೇನು ನಷ್ಟ? ಆದ್ರೆ ಉಳಿದ ಎರಡು ದಿನಕ್ಕೆ ಜನ ಯಾರು?"

"ಆರಿಸೋ ಕೋಣೆಯಲ್ಲಿ ಒಬ್ಬಳಿದಾಳೆ ಸಾರ್. ಕಿಟಕಿ ಕಡೆ ಮುಖ ಮಾಡಿ ಕೂತ್ಕೊಳ್ತಾಳೆ, ಆದ್ರೂ ಕೈ ತಪ್ಪಲ್ಲ. ನಾನೇ ಕಲಿಸ್ತೀನಿ."

"ಕಲಿಸು. ಅಲ್ಲೀವರೆಗೂ ನಾಲ್ಕು ದಿನ ನಾಲ್ಕೇ ದಿನ."

ಕಲಿಸಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಅವಳ ಮುಖದಲ್ಲಿ ಕಳೆ ಇರಲಿಲ್ಲ. ಒಂದೆರಡು ಸಲ ಬೀರುವನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳೋಣ ಎಂದೂ ಅನ್ನಿಸಿತು. ಆದರೆ ಅಷ್ಟರಲ್ಲಿ ಟೀಚರು ಮೆಟ್ಟಿಲ ಪಕ್ಕದ ಸೈಕಲ್ ಕೋಣೆಯನ್ನು ಬಿಡಿಸಿಕೊಟ್ಟರು. ಅಲ್ಲಿ ಬೆಳಕು ಬೀಳುವುದು ಬಲಗಡೆಯಿಂದ. ಕಟ್ಟೆ ಸೊಂಟಕ್ಕಿಂತ ತಗ್ಗು. ಗಂಡ ಒಂದು ಮಧ್ಯಾಹ್ನ ಬೇಕರಿಯಿಂದ ಬಂದವನು, ಹಿಟ್ಟು ಮೆತ್ತಿದ ಕೈಯಲ್ಲೇ ಎರಡು ಹಲಗೆ ಹಿಡಿದು, ಯಾರೂ ಹೇಳದೆಯೇ ಕಟ್ಟೆಯನ್ನು ಎತ್ತರಿಸಿದ. "ಈಗ ಸರೀನಾ?" ಎಂದು ಕೇಳಿದ. ಅವಳು ಮೊಣಕೈ ಊರಿ ನೋಡಿ "ಹ್ಞೂಂ" ಎಂದಳು. ಮಗಳು ನೀಲಿ ಬಣ್ಣದಲ್ಲಿ ಬೋರ್ಡು ಬರೆದಳು. 'ಗುಂಡಿ ಸಿಗುತ್ತದೆ' ಎಂದು. ದಾರಿಹೋಕರು ಓದಿ ನೆಲ ನೋಡಿಕೊಂಡು ನಡೆಯುತ್ತಾರೆಂದು ಟೀಚರು ತಮಾಷೆ ಮಾಡಿದ್ದಕ್ಕೆ 'ಅಂಗಿಯ' ಎಂಬ ಮಾತು ಮೇಲೆ ಸೇರಿತು.

ಎಂಟು ತಿಂಗಳ ಮೇಲೆ ಅವಳ ಓಡಾಟ ಬುಧವಾರ, ಗುರುವಾರಕ್ಕೆ ಇಳಿಯಿತು. ಆ ಎರಡು ದಿನ ಅಂಗಡಿಗೆ ಅತ್ತೆ. ಮೊದಮೊದಲು ಬಾಗಿಲು ಕಾಯಲು ಕೂತವರು, ಬರಬರುತ್ತ ಅಂಗಡಿಯನ್ನೇ ವಶ ಮಾಡಿಕೊಂಡರು. ಚಿಪ್ಪಿನ ಗುಂಡಿಯೋ ಪ್ಲಾಸ್ಟಿಕ್ಕಿನದೋ ಎಂದು ತಿಳಿಯಲು ಕೆನ್ನೆಗೆ ಒತ್ತಿ ನೋಡುತ್ತಿದ್ದರು, ತಣ್ಣಗಿದ್ದರೆ ಚಿಪ್ಪು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಕತೆ ಕೇಳದೆ ಗುಂಡಿ ಕೊಡುತ್ತಿರಲಿಲ್ಲ. ಒಮ್ಮೆ ನಡುವಯಸ್ಸಿನವನೊಬ್ಬ ಹಸಿರು ಗುಂಡಿಯೊಂದನ್ನು ತಂದನಂತೆ. ಅದರ ಬಟ್ಟೆ ಎಲ್ಲಿ ಎಂದರೆ ಬಟ್ಟೆಯೇ ಇಲ್ಲ. ಚಿಕ್ಕಂದಿನಲ್ಲಿ ಬೀದಿಯಲ್ಲಿ ಸಿಕ್ಕಿದ್ದು, ಚೆಂದವಿದೆ ಎಂದು ಇಟ್ಟುಕೊಂಡದ್ದು. ಅತ್ತೆ ಖಾನೆಗಳನ್ನೆಲ್ಲ ಜಾಲಾಡಿ ಅಂಥವೇ ಐದು ಹೊಂದಿಸಿ, "ಹೋಗಪ್ಪ, ಇದಕ್ಕೆ ತಕ್ಕ ಹಾಗೆ ಒಂದು ಕೋಟು ಹೊಲಿಸ್ಕೋ" ಎಂದು ಟೈಲರ ವಿಳಾಸ ಕೊಟ್ಟು ಕಳಿಸಿದರು. ಕೋಟು ಹಾಕಿಕೊಂಡು ತೋರಿಸಲು ಅವನು ಬಂದ ದಿನ ಅವಳು ಮಾತ್ರ ಪ್ರಯಾಣದಲ್ಲಿದ್ದಳು. "ರಾಜನ ಹಾಗೆ ಕಾಣ್ತಿದ್ದ. ನೀನು ನೋಡ್ಬೇಕಿತ್ತು" ಎಂದು ಅತ್ತೆ ವಾರವಿಡೀ ಅವಳ ಹೊಟ್ಟೆ ಉರಿಸಿದರು.

ಪ್ರಯಾಣವನ್ನು ಪೂರ್ತಿ ಬಿಟ್ಟುಬಿಡು ಎಂದು ಎಷ್ಟೋ ಜನ ಹೇಳಿದರು. ಬಿಡಬಹುದಿತ್ತು. ಆದರೆ ಬುಧವಾರ ಬಂದರೆ ಅವಳ ಅಂಗಾಲು ಕಡಿಯಲು ಶುರುವಾಗುತ್ತಿತ್ತು.

ಈಚೆಗೆ ಒಂದು ಬುಧವಾರ ರೈಲಿನಲ್ಲಿ ಎದುರಿಗೆ ಕೂತ ಹೆಂಗಸು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡವಳು, ಮಾತಿಗೆಳೆದಳು.

"ಏನ್ ಮಾಡ್ಕೊಂಡಿದೀರಿ ನೀವು?"

ಅವಳು ಪೆಟ್ಟಿಗೆಗಳ ಕಡೆ ನೋಡಿದಳು. ಕಾರ್ಖಾನೆಯ ಹೆಸರು ನಾಲಿಗೆಯ ತುದಿಯಲ್ಲಿತ್ತು.

"ನಮ್ದೊಂದು ಅಂಗಡಿ ಇದೆ" ಎಂದಳು.

"ಏನಂಗಡಿ?"

"ಗುಂಡಿ ಅಂಗಡಿ. ಅಂಗಿ ಗುಂಡಿ."

"ಬರೀ ಗುಂಡೀನಾ?"

"ಬರೀ ಗುಂಡಿ."

ಆ ಹೆಂಗಸು "ಓ" ಎಂದು ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತಿರುವಿ ನೋಡಿದಳು. ಆಮೇಲೆ ಬುಟ್ಟಿಯನ್ನು ತಬ್ಬಿಕೊಂಡು ಹಾಗೇ ನಿದ್ದೆಹೋದಳು. ಹೊರಗೆ ಎಳೆ ಬಿಸಿಲು ಗದ್ದೆಗಳ ಮೇಲೆ ಓಡುತ್ತಿತ್ತು. ಅವಳು ಕಿಟಕಿಯ ಗಾಜಿಗೆ ಹಣೆ ಒತ್ತಿ, ಆ ಹೆಂಗಸು ಎಚ್ಚರಗೊಂಡರೆ ಇನ್ನೇನೇನು ಹೇಳಬೇಕೆಂದು ಯೋಚಿಸುತ್ತ ಕೂತಳು.