ಆಚೆ ಕೂರಲು ಬಿಡದ ನರ್ಸಮ್ಮ

ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೆಳಕ್ಕೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡರೆಂದರೆ ನಮ್ಮೂರ ನರ್ಸಮ್ಮ ಹೆರಿಗೆಗೆ ಸಿದ್ಧರಾದರು ಎಂದೇ ಲೆಕ್ಕ. ಕೆಲಸ ಮುಗಿಸಿ ಬ್ಯಾಂಡ್ ಬಿಚ್ಚಿದಾಗ ಮುಂಗೈ ಮೇಲೆ ಕೆಂಪು ಬರೆ ಎದ್ದಿರುತ್ತಿತ್ತು. ಆಳು ಕುಳ್ಳಿ. ದನಿ ಮಾತ್ರ ಅಬ್ಬಬ್ಬಾ, ಊರಾಚೆ ಹೊಲದಲ್ಲಿದ್ದವರೂ ತಿರುಗಿ ನೋಡಬೇಕು.

ನಮ್ಮದು ಹನೂರಿನಿಂದ ಮಾರ್ಟಳ್ಳಿ ಕಡೆ ಹೋಗುವ ದಾರಿಯಲ್ಲಿ ಕಾಡಂಚಿನ ಊರು. ಅವರು ಯಳಂದೂರಿನ ಹತ್ತಿರದ ಮಾಂಬಳ್ಳಿಯವರು. ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿ ಬಂದಾಗ ಒಂದು ಟ್ರಂಕು, ಒಂದು ಹಳದಿ ಲಾಟೀನು, ಇಷ್ಟೇ ತಂದಿದ್ದರು. ಸೀಮೆಎಣ್ಣೆಯ ಲಾಟೀನಲ್ಲ ಅದು. ಪಕ್ಕದಲ್ಲಿ ಮಡಚುವ ಹಿಡಿಯಿತ್ತು, ಅದನ್ನು ಗರಗರ ಸುತ್ತಿದರೆ ಬೆಳಕು ಬರುತ್ತಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಕೆಲಸದಲ್ಲಿದ್ದಾಗ, ಟೆಂಟು ಹಾಕಿಕೊಂಡು ಇರಲು ಬಂದಿದ್ದ ಪಟ್ಟಣದ ಹುಡುಗಿಯೊಬ್ಬಳ ಕಾಲಿಗೆ ಪಟ್ಟಿ ಕಟ್ಟಿದ್ದರಂತೆ. ಆ ಹುಡುಗಿ ಊರಿಗೆ ಹೊರಡುವಾಗ ಕೊಟ್ಟು ಹೋದ ವಸ್ತು. "ಸೆಲ್ಲು ಬ್ಯಾಡ, ಕರೆಂಟು ಬ್ಯಾಡ, ಒಂದು ಗಂಡಸಿನ ಕೈ ಇದ್ರೆ ಸಾಕು" ಎನ್ನುತ್ತಿದ್ದರು.

ಗಂಡಸಿನದೇ ಕೈ ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ನಮ್ಮ ಕಡೆ ಹೆಂಡತಿಗೆ ನೋವು ಬಂದರೆ ಗಂಡನಾದವನು ಆಚೆ ಜಗಲಿ ಮೇಲೆ ಕೂತು ಬೀಡಿ ಸೇದಬೇಕು, ಅಷ್ಟೇ ಅವನ ಪಾಲಿನ ಕೆಲಸ. ಹೆರಿಗೆ ಕೋಣೆಗೆ ಕಾಲಿಟ್ಟರೆ ಮೈಲಿಗೆ. ಈಗಂತೂ ಹೆರಿಗೆಗೆ ಎಲ್ಲರೂ ಹನೂರು, ಕೊಳ್ಳೇಗಾಲಕ್ಕೇ ಹೋಗುವುದು. ಆದರೆ ಮಳೆಗೆ ಮರ ಬಿದ್ದು ದಾರಿ ಕಟ್ಟಿದರೆ, ಆನೆ ರಸ್ತೆಗೆ ಇಳಿದರೆ, ನೋವು ಕೇಳುತ್ತದೆಯೇ? ಅಂಥ ಹೊತ್ತಿನಲ್ಲಿ ನರ್ಸಮ್ಮ ಬಾಗಿಲಿಗೆ ಬಂದು, "ಬೀಡಿ ಬಿಸಾಕಿ ಒಳಕ್ಕೆ ಬಾ. ಲಾಟೀನು ಸುತ್ತೋರಿಲ್ಲ" ಎಂದು ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಹಾಗೆ ಸುತ್ತಿ ಬಂದ ನಮ್ಮ ಬೀದಿಯವನೊಬ್ಬ, ನಾಲ್ಕು ಹೆಣ್ಣುಮಕ್ಕಳ ತಂದೆ, ಗಂಡು ಬೇಕೆಂದು ಹಟ ಹಿಡಿದಿದ್ದವನು, ಮುಂದಿನ ತಿಂಗಳೇ ಕೊಳ್ಳೇಗಾಲಕ್ಕೆ ಹೋಗಿ ತಾನೇ ಆಪರೇಷನ್ ಮಾಡಿಸಿಕೊಂಡು ಬಂದ. ಊರೆಲ್ಲ ನಕ್ಕಿತು. ನರ್ಸಮ್ಮ ಅವನನ್ನು ಕೂರಿಸಿ ಟೀ ಮಾಡಿಕೊಟ್ಟರು.

ನನ್ನ ಸರದಿ ಬಂದದ್ದು ಒಂದು ಮಳೆಗಾಲದ ಸಂಜೆ. ಎರಡು ದಿನದಿಂದ ಕರೆಂಟಿಲ್ಲ, ಊರಿನ ಮೊಬೈಲ್‌ಗಳೆಲ್ಲ ಸತ್ತಿದ್ದವು. ಹನೂರಿನ ದಾರಿಗೆ ಹುಣಸೆಮರ ಅಡ್ಡ ಬಿದ್ದಿತ್ತು. ನನ್ನ ಹೆಂಡತಿಗೆ ಚೊಚ್ಚಲು. ನರ್ಸಮ್ಮ ನನ್ನನ್ನು ಎಳೆಯಲು ಬಂದಾಗ ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಗಂಡಸ್ರು ಎರ್ಗೆ ಮನೆಗೆ ಬರದುಂಟೇನವ್ವ?"

"ನಿನ್ ಸೊಸೆ ಬಸ್ರಾಗುವಾಗ ಇವ್ನು ಆಚೆ ಜಗಲೀಲಿ ಕೂತಿದ್ನಾ?"

ನಮ್ಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಳು.

ನನ್ನನ್ನು ಹೆಂಡತಿಯ ತಲೆಯ ಬಳಿ ನಿಲ್ಲಿಸಿ, ಲಾಟೀನನ್ನು ಸ್ಟೂಲಿನ ಮೇಲಿಟ್ಟರು. ನನ್ನ ಬಲಗೈಯಲ್ಲಿ ಲಾಟೀನಿನ ಹಿಡಿ. ಎಡಗೈಯನ್ನು ಅವಳು ಹಿಡಿದಳು, ಉಗುರು ಇಳಿಯುವಂತೆ. ಮಗು ಹುಟ್ಟಿತು, ಅತ್ತಿತು, ನಮ್ಮವ್ವ ಎತ್ತಿಕೊಂಡಳು. ಇನ್ನೇನು ಮುಗಿಯಿತು ಎಂದುಕೊಂಡೆ. ಆಗ ನರ್ಸಮ್ಮನ ಮುಖ ಬದಲಾಯಿತು. ರಕ್ತ ನಿಲ್ಲುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟರು, ಹೊಟ್ಟೆಯನ್ನು ಅದುಮಿ ಹಿಡಿದು ಉಜ್ಜತೊಡಗಿದರು. ಹಾಸಿದ್ದ ಬಟ್ಟೆ ತೊಯ್ದು ನೆಲಕ್ಕೆ ತೊಟ್ಟಿಕ್ಕುವುದನ್ನು ಕಂಡು ನನ್ನ ಕೈ ನಿಂತುಬಿಟ್ಟಿತು. ಸುಳ್ಳು ಯಾಕೆ ಹೇಳಲಿ, ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದೆ.

"ಸುತ್ತು ಕಣ್ಲಾ! ಕೆಳಕ್ಕೆ ನೋಡ್ಬ್ಯಾಡ. ಅವಳ ಮಖ ನೋಡು, ಮಾತಾಡ್ಸು. ಕಣ್ ಮುಚ್ಚಾಕೆ ಬಿಡ್ಬ್ಯಾಡ."

ಏನು ಮಾತಾಡಿದೆನೋ ದೇವರಿಗೇ ಗೊತ್ತು. ಎಮ್ಮೆಯ ವಿಚಾರ, ಜೋಳದ ವಿಚಾರ, ಮದುವೆಯಲ್ಲಿ ಅವಳ ಚಿಕ್ಕಪ್ಪ ಪಂಚೆ ಎಡವಿ ಬಿದ್ದ ವಿಚಾರ. "ನಾನು ಉಳಿಯಾಕಿಲ್ಲ, ಕೂಸ ನೋಡ್ಕ" ಎಂದಳು. "ಸುಮ್ಕಿರಮ್ಮಿ" ಎಂದು ಗದರಿಸಿ ಅಳುತ್ತಲೇ ಸುತ್ತಿದೆ. ಕೊನೆಗೆ ನರ್ಸಮ್ಮ ಹೊಟ್ಟೆಯ ಮೇಲಿಂದ ಕೈ ತೆಗೆಯದೆಯೇ, "ಗರ್ಭ ಗಟ್ಟಿಯಾಯ್ತು. ರಕ್ತ ನಿಂತದೆ" ಎಂದರು. ಬೆಳಿಗ್ಗೆ ಮರ ಕಡಿದು ದಾರಿ ಬಿಡಿಸಿದ ಮೇಲೆ ಆಂಬುಲೆನ್ಸ್ ಬಂತು. ಕೊಳ್ಳೇಗಾಲದಲ್ಲಿ ರಕ್ತ ಕೊಟ್ಟರು. ಹೆಂಡತಿ ಉಳಿದಳು.

ಎಷ್ಟೋ ವರ್ಷದ ಮೇಲೆ ಲಾಟೀನಿನ ಹಿಡಿ ಮುರಿಯಿತೆಂದು ನರ್ಸಮ್ಮ ಅದನ್ನು ನನ್ನ ಕೈಗೇ ಕೊಟ್ಟರು. ಸರಿಮಾಡಿ ನಾಲ್ಕು ಸುತ್ತು ಸುತ್ತಿ ಪಕ್ಕಕ್ಕಿಟ್ಟು ಊಟಕ್ಕೆ ಕೂತೆ. ಉಂಡು ಕೈ ತೊಳೆದರೂ ಅದು ಉರಿಯುತ್ತಲೇ ಇತ್ತು. ಸಿಟ್ಟು ಬಂತು ನೋಡಿ, ಎತ್ತಿಕೊಂಡು ನೇರ ಅವರ ಮನೆಗೆ ಹೋದೆ.

"ಏನವ್ವ ಇದು? ರಟ್ಟೆ ಬಿದ್ದೋಗೋ ಅಂಗೆ ಸುತ್ತಿಸಿದ್ರಲ್ಲ! ಬಿಟ್ರೂ ಬೆಳಕು ಇರ್ತಿತ್ತಲ್ಲ!"

"ಬೆಳಕು ಇರ್ತಿತ್ತು ಕಣಪ್ಪ. ನೀನು ಇರ್ತಿರ್ಲಿಲ್ಲ."

ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ನಂಗೂ ಒಂದು ಕೂಸಾಗಿತ್ತು. ಹುಟ್ಟಿದ್ ಗಳಿಗೇಲೇ ಓಯ್ತು. ನಮ್ ಯಜಮಾನ್ರು ಆಚೆ ಕೂತಿದ್ರು. ಒಳ್ಳೇ ಮನ್ಸ, ಕರೆದಿದ್ರೆ ಬರೋರು. ಯಾರೂ ಕರೀಲಿಲ್ಲ. ಆ ನೋವ್ನ ನಾನೊಬ್ಳೇ ಕಂಡೆ, ಅವರ್ಗೆ ಬಾಯ್ಬಿಟ್ಟು ಏಳಾಕೂ ನಂಗಾಗ್ಲಿಲ್ಲ." ಮತ್ತೆ ಮೊರ ಎತ್ತಿಕೊಂಡರು. ನಾನು ಲಾಟೀನನ್ನು ಅಲ್ಲೇ ಇಟ್ಟು ಮನೆಗೆ ಬಂದೆ. ಆ ಮಾತನ್ನು ಹೆಂಡತಿಗೆ ಹೇಳಿದೆ.

ನಿವೃತ್ತಿಯಾದ ಮೇಲೆ ಅವರು ಮಾಂಬಳ್ಳಿಗೆ ಹೋದರು. ಯಜಮಾನರು ತೀರಿಕೊಂಡರು. ಹೋದ ವರ್ಷ ನರ್ಸಮ್ಮನ ಹೊಟ್ಟೆಯಲ್ಲಿ ಗಡ್ಡೆಯೆಂದು ಗೊತ್ತಾದಾಗ ಕೈ ಮೀರಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಇದ್ದೆವು. ಆ ದೊಡ್ಡ ದನಿ ಇಳಿದು ಪಿಸುಮಾತಾಗಿತ್ತು. ಅದೊಂದು ಮಧ್ಯಾಹ್ನ ಹೆಂಡತಿ ಮನೆಗೆ ಹೋಗಿದ್ದಳು. ಅವರಿಗೆ ಹಾಸಿಗೆಯಲ್ಲೇ ಭೇದಿಯಾಗಿಬಿಟ್ಟಿತು. ನಾನು ನೀರು, ಬಟ್ಟೆ ತಂದು ಪರದೆ ಎಳೆದೆ. ಅವರು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಊರ ಗಂಡಸರನ್ನೆಲ್ಲ ಒಳಕ್ಕೆ ಎಳೆದವರು ನಾಚಿಕೆಯಿಂದ ಕುಗ್ಗಿಹೋಗಿದ್ದರು.

"ಆಚೆಗೋಗಪ್ಪ. ಗಂಡಸ್ರು ನೋಡೋದಲ್ಲ ಇದು."

"ಓಗಾಕಿಲ್ಲ ಕಣವ್ವ."

ಒರೆಸಿ, ಸೀರೆ ಬದಲಿಸಿ, ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಒಂದು ಗುಟುಕು ನೀರು ಕುಡಿಸಿದೆ. ಹೋಗು ಎಂದು ಅವರು ಮತ್ತೆ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ತೀರಿಕೊಂಡರು. ಅವರ ಮಾತನ್ನು ನಾನು ಮೀರಿದ್ದು ಅದೊಂದೇ ಸಲ.