ಅಪ್ಪನ ಕೈಯ ಧಾರೆ

ಮಲಗಿದ್ದ ಅಪ್ಪನನ್ನು ಮುಟ್ಟಿ ಎಬ್ಬಿಸುವಂತಿರಲಿಲ್ಲ. ದೂರ ನಿಂತು ಕೆಮ್ಮಬೇಕು, ಇಲ್ಲವೇ "ಅಪ್ಪಾ, ನಾನು ಕಣಪ್ಪ" ಎಂದು ಮೆಲ್ಲಗೆ ಕೂಗಬೇಕು. ಗೊತ್ತಿಲ್ಲದ ನೆಂಟರೊಬ್ಬರು ಭುಜ ತಟ್ಟಿ ಎಬ್ಬಿಸಲು ಹೋಗಿ ಅಪ್ಪನ ಕೈಯಿಂದ ಗೋಡೆಗೆ ಬಡಿಸಿಕೊಂಡಿದ್ದರು. ಮಹಾರಾಜರ ಕುದುರೆ ದಂಡಿನ ಜೊತೆ ಹಡಗು ಹತ್ತಿ ಮರಳುಗಾಡಿನ ಯುದ್ಧಕ್ಕೆ ಹೋಗುವ ಮೊದಲು ಅಪ್ಪ ಹೀಗಿರಲಿಲ್ಲವಂತೆ. ಹಾಗೆಂದು ಅವ್ವ ಹೇಳುತ್ತಿದ್ದಳು. ನಾನು ಕಂಡದ್ದು ಯುದ್ಧದಿಂದ ಬಂದ ಅಪ್ಪನನ್ನೇ. ಅವನ ಬಲಗೈ ನಡುಗುತ್ತಿತ್ತು. ಏನಾದರೂ ಸದ್ದಾದರೆ ಇನ್ನೂ ಹೆಚ್ಚು. ಅದಕ್ಕೇ ಅವ್ವ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅಟ್ಟಕ್ಕೇರಿಸಿ, ಠಣ್ ಎನ್ನದ ಮಣ್ಣಿನ ಗಡಿಗೆಗಳಲ್ಲೇ ಅಡುಗೆ ಮಾಡಿದಳು. ಊರವರು ಬಡತನ ಎಂದುಕೊಂಡರು. ಅಂದುಕೊಳ್ಳಲಿ, ನಮಗೇನು!

ನಾವು ಯಲ್ಲದಕೆರೆ ಕಡೆಯ ಕುರಿ ಸಾಕುವ ಜನ. ನಮ್ಮಲ್ಲಿ ಮದುವೆ ಎಂದರೆ ಕರಿಕಂಬಳಿಯ ಗದ್ದುಗೆ, ಅದರ ಮೇಲೆ ಕೂತ ಗಂಡುಹೆಣ್ಣಿಗೆ ಹಾಲುಧಾರೆ. ಹೆಣ್ಣಿನ ತಂದೆ ಗಿಂಡಿಯಿಂದ ಹಾಲೆರೆಯುವಾಗ ಧಾರೆ ತುಂಡಾಗಬಾರದು. ತುಂಡಾದರೆ ಸಂಸಾರವೂ ತುಂಡಾಗುತ್ತದಂತೆ.

ನನ್ನ ಮದುವೆಗೆ ಗಂಡಿನ ಕಡೆಯವರು ಹೊಸದುರ್ಗದಿಂದ ಡೊಳ್ಳು ತಂದಿದ್ದರು. ಒಂದೊಂದು ಪೆಟ್ಟಿಗೂ ಅಪ್ಪನ ಕೈ ಅದುರುತ್ತಿತ್ತು. ಗದ್ದುಗೆಯ ಮೇಲಿದ್ದ ನನಗೆ ಅದು ಕಾಣುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಕುಲದ ಯಜಮಾನ ನನ್ನ ದೊಡ್ಡಪ್ಪನನ್ನು ಕರೆದ.

"ಗಿಂಡಿ ನೀನು ಹಿಡ್ಕಳಪ್ಪ. ಇವನ ಕೈಯಾಗೆ ಧಾರೆ ನಿಲ್ಲಂಗಿಲ್ಲ. ಸುಮ್ನೆ ಯಾಕೆ ಅಪಶಕುನ?"

ಅಪ್ಪ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕುರಿರೊಪ್ಪದ ಕಡೆ ಹೊರಟ. ಹೆಂಡ ಕುಡಿದು ಹತ್ತಿದ ನಡುಕವೇ ಅದು? ದಂಡಿಗೆ ಹೊರಟಾಗ ಇದೇ ಯಜಮಾನ ಹಾರ ಹಾಕಿ ಕಳಿಸಿದ್ದನಂತೆ. ಆಗ ಬೇಕಾಗಿದ್ದ ಕೈ ಈಗ ಬೇಡವಾಯಿತೇ?

ಗದ್ದುಗೆಯಿಂದ ಎದ್ದುಬಿಟ್ಟೆ.

"ನಮ್ಮಪ್ಪ ಎರೆದ್ರೆ ಮದುವೆ. ಇಲ್ಲಾಂದ್ರೆ ಎಲ್ರೂ ಉಂಡು ಹೊರಡ್ರಿ."

"ಲೇ, ಕುಂತ್ಕಳೇ! ಮಾನ ಹೋಗ್ತೈತೆ" ಎಂದು ದೊಡ್ಡಪ್ಪ ಗದರಿದ. ನಾನು ಕೂರಲಿಲ್ಲ.

ಅಷ್ಟರಲ್ಲಿ ಅವ್ವ ಬಂದು ದೊಡ್ಡಪ್ಪನ ಕೈಯಿಂದ ಗಿಂಡಿ ಕಿತ್ತುಕೊಂಡಳು. "ಮೊದ್ಲು ಆ ಡೊಳ್ಳು ನಿಲ್ಸ್ರಿ" ಎಂದವಳೇ ಯಜಮಾನನ ಕಡೆ ತಿರುಗಿದಳು.

"ನನ್ನ ಮದುವ್ಯಾಗೆ ಧಾರೆ ಎಲ್ಲೂ ತುಂಡಾಗಿರ್ಲಿಲ್ಲ, ಯಜಮಾನ್ರೇ. ನೀವೇ ಕಣ್ಣಾರೆ ಕಂಡೋರು. ಏನು ಬಂತು? ಹೋದ ಗಂಡ ಬ್ಯಾರೆ, ಬಂದ ಗಂಡ ಬ್ಯಾರೆ. ಆದ್ರೂ ನಾನು ಬಾಳ್ವೆ ಮಾಡ್ಲಿಲ್ವ?"

ಡೊಳ್ಳು ನಿಂತಿತು. ಅವ್ವ ರೊಪ್ಪದ ಹತ್ತಿರ ಹೋಗಿ, ಅಪ್ಪನಿಗಿಂತ ಸ್ವಲ್ಪ ಹಿಂದೆ ನಿಂತು ಕೆಮ್ಮಿದಳು. ಅಪ್ಪ ತಿರುಗಿದ ಮೇಲೆಯೇ ಕೈ ಹಿಡಿದು ಕರೆತಂದಳು. ನಾನು ಮತ್ತೆ ಕೂತೆ.

ಅಪ್ಪ ಎರೆದ. ಧಾರೆ ತುಂಡಾಯಿತು, ಮತ್ತೆ ಮತ್ತೆ ತುಂಡಾಯಿತು. ನನ್ನ ಸೀರೆಗೆ, ಗಂಡಿನ ಮೊಣಕಾಲಿಗೆ, ಕಂಬಳಿಗೆಲ್ಲ ಹಾಲು ಚೆಲ್ಲಿತು. ಗಂಡು ಮುಖ ಸಿಂಡರಿಸಲಿಲ್ಲ. ನನ್ನ ಕೈಯಡಿಯಿದ್ದ ತನ್ನ ಬೊಗಸೆಯನ್ನು ಇನ್ನಷ್ಟು ಅಗಲ ಮಾಡಿದ, ಅಷ್ಟೇ. ಅಪ್ಪ ಅಳುತ್ತಿದ್ದ. ನಾನು ಅಳಲಿಲ್ಲ.

ಕಂಬಳಿಯನ್ನು ಒಗೆದು ಕೊಡುತ್ತೇನೆಂದು ದೊಡ್ಡಮ್ಮ ಬಂದಳು. ನಾನು ಕೊಡಲಿಲ್ಲ. ಹಾಲು ಒಣಗಿ ಬೆಳ್ಳಗೆ ಕಲೆಗಟ್ಟಿದ್ದ ಅದನ್ನೇ ಹೊದ್ದುಕೊಂಡು, ಯಜಮಾನನ ಮನೆಯ ಮುಂದೆಯೇ ಹಾದು ಗಂಡನ ಊರಿಗೆ ಹೋದೆ.