ಆ ಕೋಡು ಯಾರ ಹೆಸರಿಗೆ

ಜೆ.ಪಿ. ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಸಾಫ್ಟ್‌ವೇರಿನ ಕೋಡನ್ನು ಯಾರು, ಯಾವಾಗ, ಏಕೆ ತಿದ್ದಿದರೆಂದು ದಾಖಲಿಸಿಡುವ ಹಳೆಯ ವ್ಯವಸ್ಥೆಯನ್ನು ಬಿಟ್ಟು ಹೊಸದಕ್ಕೆ ಹೋಗುವುದೆಂದು ತೀರ್ಮಾನವಾದಾಗ, ಹಳೆಯ ಚರಿತ್ರೆಯನ್ನು ಚೊಕ್ಕಟ ಮಾಡಿ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಪುರಾವೆಯಿಲ್ಲದ ಮಾತನ್ನು ಮಾತೆಂದೇ ಎಣಿಸುತ್ತಿರಲಿಲ್ಲ.

ಖಾಲಿ ನಮೂದುಗಳನ್ನು ತೆಗೆದದ್ದಾಯಿತು. ಇನ್ನು ಪ್ರತಿ ಹಳೆಯ ಲಾಗಿನ್ನಿನ ಎದುರು ಒಬ್ಬರ ಹೆಸರು ಬರೆಯಬೇಕು. ತೊಡಕು ಅಲ್ಲೇ. ಕಾಂಟ್ರಾಕ್ಟಿನವರಿಗೆ ನಮ್ಮಲ್ಲಿ ಲಾಗಿನ್ ಕೊಡುತ್ತಿರಲಿಲ್ಲ. ಟೀಮ್ ಲೀಡ್‌ನ ಪಾಸ್‌ವರ್ಡು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿತ್ತು. ಅವರೆಲ್ಲ ಅವನ ಹೆಸರಿನಲ್ಲೇ ಕೋಡ್ ಸೇರಿಸುತ್ತಿದ್ದರು.

ಅವರಲ್ಲೊಬ್ಬ, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ ಬಾಗಲಕೋಟೆಯವನು, ನನ್ನ ಪಕ್ಕ ಕುರ್ಚಿ ಎಳೆದುಕೊಂಡ. ಯಾರನ್ನು ಕಾಯಂ ಮಾಡಿಕೊಳ್ಳಬೇಕೆಂದು ಮ್ಯಾನೇಜರ್ ಈ ಹೊಸ ದಾಖಲೆ ನೋಡಿಯೇ ನಿರ್ಧರಿಸುವವರಿದ್ದರು.

“ರಿಪೋರ್ಟ್ ಮಾಡ್ಯೂಲ್ ಪೂರಾ ನಾನ ಬರದೇನ್ರಿ. ಅದಕ್ಕರ ನನ್ನ ಹೆಸರು ಹಾಕ್ರಿ.”

“ಪ್ರೂಫ್ ಏನಿದೆ?”

“ಲೀಡ್ ಸಾಹೇಬ್ರು ಉತ್ತರಹಳ್ಳಿ ಮನಿ ಗೃಹಪ್ರವೇಶಕ್ಕ ವಾರ ರಜಾ ಹಾಕಿದ್ರಲ್ಲ, ಆ ತಾರೀಖು ನೋಡ್ರಿ. ದಿನಾ ಕೋಡ್ ಸೇರೇತ್ರಿ.”

“ಅವ್ರು ಸೇರಿಸ್ಲಿಲ್ಲ ಅಂತ ಅಷ್ಟೇ ಆಯ್ತು. ನೀವೇ ಸೇರಿಸಿದ್ರಿ ಅಂತ ಹೇಗಾಗತ್ತೆ? ಚೀಟಿ ಎಲ್ರಿಗೂ ಕಾಣ್ತಿತ್ತು.”

“ಬಾಜೂಕ ನೀವ ಕುಂತಿದ್ರಲ್ರಿ. ನೋಡೀರಲ್ಲ.”

ನೋಡಿದ್ದೆ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದದ್ದನ್ನೂ, ಮೊದಲ ರಿಪೋರ್ಟ್ ಬಂದ ದಿನ ಎದ್ದುಹೋಗಿ ಎಲ್ಲರಿಗೂ ಟೀ ತಂದದ್ದನ್ನೂ ನೋಡಿದ್ದೆ. ಆದರೂ ಹೇಳಿದೆ: “ನಾನ್ ನೋಡಿದ್ದು ದಾಖಲೆ ಅಲ್ಲ. ನಿಮಗೋಸ್ಕರ ಹೆಸ್ರು ಬದಲಾಯಿಸಿದ್ರೆ ನಾಳೆ ಇನ್ನೊಬ್ರು ಬರ್ತಾರೆ.” ವಾದದಲ್ಲಿ ಒಂದು ಬಿರುಕೂ ಇರಲಿಲ್ಲ.

“ಆತು ಬಿಡ್ರಿ. ನಿಮ್ಮ ಜೋಡಿ ಮಾತಾಡಿ ಗೆದ್ದವ್ರು ಯಾರದಾರ,” ಎಂದು ನಕ್ಕು ಎದ್ದ.

ಲಾಗಿನ್ನಿನ ಎದುರು ಲೀಡ್ ಹೆಸರು ಬರೆದು ಸಾಗಿಸಿದೆ. ಮ್ಯಾನೇಜರ್ ದಾಖಲೆ ನೋಡಿದರು. ಅವನು ಕಾಯಂ ಆಗುವುದಿರಲಿ, ಕಾಂಟ್ರಾಕ್ಟೂ ಮುಂದುವರಿಯಲಿಲ್ಲ.

ಕೆಲವು ತಿಂಗಳ ಬಳಿಕ ಆ ಮಾಡ್ಯೂಲ್ ತಪ್ಪು ರಿಪೋರ್ಟ್ ಕೊಡತೊಡಗಿತು. ದಾಖಲೆ ತೆಗೆದು, ಅದರಲ್ಲಿದ್ದ ಹೆಸರಿನವನ ಮೇಜಿಗೇ ಹೋದೆ.

“ನಂಗೇನ್ ಗೊತ್ತು ಮಗಾ,” ಅಂದ ಲೀಡ್. “ಅದು ಆ ಬಾಗಲಕೋಟೆಯವ್ನು ಬರ್ದಿದ್ದಲ್ವಾ?”

“ಆಗ್ಲೇ ಹೇಳ್ಬೋದಿತ್ತಲ್ಲ ಗುರು.”

“ನೀನ್ ಕೇಳ್ಲೇ ಇಲ್ಲ.”

ಬಾಗಲಕೋಟೆಯವನ ಫೋನ್ ನಂಬರನ್ನು ನಮ್ಮಲ್ಲಿ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಮೂರು ದಿನ ಕೂತು ಅವನ ಕೋಡನ್ನು ಸಾಲುಸಾಲಾಗಿ ಓದಿದೆ.